ಜಾಹೀರಾತು ಖಾತೆಯ ಬೀಗ: ಕಳವಾಗದಂತೆ ಕಾಯುವುದು, ಕಳವಾದರೆ ಮರಳಿ ಪಡೆಯುವುದು



ವಾರ್ಷಿಕ ವರದಿಯ ಜಮಾ-ಖರ್ಚಿನ ಪುಟಗಳ ಜೊತೆಗೆ ವಿದ್ಯಾರ್ಥಿಗಳು ಮನೆಗೆ ಒಯ್ದು ಓದುವಂಥ ಒಂದು ಪಾಠವೂ ಇರಲಿ ಎಂಬುದು ಟ್ರಸ್ಟ್‌ನ ಹಿರಿಯರ ಅಪೇಕ್ಷೆ. ಈ ಸಲ ನಾವು ಆರಿಸಿಕೊಂಡ ವಿಷಯ ಯಾವ ತರಗತಿಯ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳ ಅನೇಕ ಮನೆಗಳ ಅನ್ನ ಈಗ ಅದರ ಮೇಲೆ ನಿಂತಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಗೂಗಲ್‌ನಲ್ಲಿ ನಾವು ಹಣ ಕೊಟ್ಟು ನಡೆಸುವ ಜಾಹೀರಾತು ಖಾತೆಯೇ ಆ ವಿಷಯ. ಅದನ್ನು ಕಾಯುವುದು ಹೇಗೆ, ಕಳ್ಳರ ಕೈಗೆ ಹೋದರೆ ಮರಳಿ ಪಡೆಯುವುದು ಹೇಗೆ ಎಂಬುದನ್ನು ಕ್ರಮವಾಗಿ ನೋಡೋಣ.

ಈ ಪಾಠ ಏಕೆ ಬೇಕು?

ಚನ್ನಪಟ್ಟಣದ ಗೊಂಬೆ ಅಂಗಡಿಗಳು ಬಹಳ ಕಾಲ ಬೆಂಗಳೂರು-ಮೈಸೂರು ಹೆದ್ದಾರಿಯ ಗಿರಾಕಿಗಳನ್ನು ನಂಬಿ ಬದುಕಿದವು. ಕಾರು ನಿಲ್ಲಿಸಿ, ಮಗುವಿನ ಕೈಗೆ ಒಂದು ಬುಗುರಿ ಕೊಡಿಸಿ ಮುಂದೆ ಹೋಗುವವರೇ ವ್ಯಾಪಾರದ ಜೀವಾಳ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣಗಳ ಹೊರಗೆ ಬೈಪಾಸ್ ಹಾದುಹೋಯಿತು. ಊರೊಳಗೆ ಬರುತ್ತಿದ್ದ ಕಾರುಗಳು ಊರ ಹೊರಗೇ ಸಾಗಿದವು. ಗಿರಾಕಿ ಅಂಗಡಿಯ ಬಾಗಿಲಿಗೆ ಬಾರದಿದ್ದರೆ ಅಂಗಡಿಯೇ ಗಿರಾಕಿಯ ಮೊಬೈಲಿಗೆ ಹೋಗಬೇಕು. ಹೀಗೆ ಆಲೆಮರದ ಗೊಂಬೆ ಮಾರುವವರು, ರೇಷ್ಮೆ ಸೀರೆ ಮಾರುವವರು, ಮಾವಿನ ಹಣ್ಣನ್ನು ನೇರವಾಗಿ ಮನೆಗೆ ಕಳಿಸುವ ತೋಟದವರು, ಮನೆಯಲ್ಲೇ ಬುರ್ಖಾ ಹೊಲಿದು ಮಾರುವ ಹೆಣ್ಣುಮಕ್ಕಳು ಎಲ್ಲರೂ ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿ ಇಟ್ಟು ಜಾಹೀರಾತು ನಡೆಸುವುದನ್ನು ಕಲಿಯುತ್ತಿದ್ದಾರೆ.

ಈ ಕೆಲಸವನ್ನು ಮಾಡಿಕೊಡುವವರು ಯಾರು? ಹೆಚ್ಚಾಗಿ ಮನೆಯ ಅಥವಾ ಬೀದಿಯ ಓದುವ ಮಕ್ಕಳು. ಡಿಗ್ರಿ ಓದುವ ಹುಡುಗ ಸಂಜೆ ಎರಡು ಅಂಗಡಿಗಳ ಪೇಜ್ ನೋಡಿಕೊಳ್ಳುತ್ತಾನೆ; ತಿಂಗಳಿಗೆ ಬಸ್ ಚಾರ್ಜಿನಷ್ಟು ದುಡಿಯುತ್ತಾನೆ. ಒಳ್ಳೆಯದೇ. ಆದರೆ ಅಂಗಡಿಯವರ ಕಾರ್ಡು, ಹೆಸರು, ಗಿರಾಕಿಗಳ ನಂಬಿಕೆ ಇವೆಲ್ಲ ಆ ಹುಡುಗನ ಬಳಿ ಅಮಾನತ್ತಾಗಿ ಇರುತ್ತವೆ. ಅಮಾನತ್ತನ್ನು ಕಾಯುವುದು ಹೇಗೆಂದು ತಿಳಿಯದೆ ಅದನ್ನು ಒಪ್ಪಿಕೊಳ್ಳಬಾರದು. ಆದ್ದರಿಂದ ಈ ಪಾಠ ಮೊದಲು ವಿದ್ಯಾರ್ಥಿಗಳಿಗೆ, ನಂತರ ಅವರ ತಂದೆ-ತಾಯಿಯರಿಗೆ ಮತ್ತು ಅಂಗಡಿಯವರಿಗೆ.

ಖಾತೆಗೆ ಎಷ್ಟು ಬಾಗಿಲು?

ಜಾಹೀರಾತು ಖಾತೆ ಎಂದರೆ ಒಂದೇ ಬೀಗದ ಒಂದೇ ಪೆಟ್ಟಿಗೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಒಂದರೊಳಗೊಂದು ಇರುವ ಐದು ಕೋಣೆಗಳ ಮನೆ. ಹೊರಗಿನ ಕೋಣೆ ನಿಮ್ಮ ಇ-ಮೇಲ್ ಮತ್ತು ಮೊಬೈಲ್ ನಂಬರ್. ಅದರೊಳಗೆ ನಿಮ್ಮ ಸ್ವಂತ ಫೇಸ್‌ಬುಕ್ ಪ್ರೊಫೈಲ್. ಅದರೊಳಗೆ ಅಂಗಡಿಯ ಪೇಜ್ ಮತ್ತು ಬಿಸಿನೆಸ್ ಖಾತೆ. ಅದರೊಳಗೆ ಜಾಹೀರಾತು ಖಾತೆ. ಎಲ್ಲಕ್ಕಿಂತ ಒಳಗೆ ಹಣದ ಕೋಣೆ, ಅಂದರೆ ಕಾರ್ಡ್ ಅಥವಾ ಯುಪಿಐ.

ಕಳ್ಳ ಒಳಗಿನ ಕೋಣೆಯ ಗೋಡೆ ಒಡೆಯುವುದಿಲ್ಲ. ಹೊರಗಿನ ಬಾಗಿಲು ಸಿಕ್ಕರೆ ಸಾಕು, ಉಳಿದ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಅಂಗಡಿಯ ಪೇಜಿಗೆ ಎಷ್ಟೇ ಭದ್ರತೆ ಇರಲಿ, ಅದರ ಅಡ್ಮಿನ್ ಆಗಿರುವ ಹುಡುಗನ ಸ್ವಂತ ಪ್ರೊಫೈಲ್ ಸಡಿಲವಾಗಿದ್ದರೆ ಅಂಗಡಿಯೂ ಸಡಿಲವೇ. ಒಬ್ಬ ಹುಡುಗ ಐದು ಅಂಗಡಿಗಳ ಅಡ್ಮಿನ್ ಆಗಿದ್ದರೆ ಒಂದು ಬೀಗ ಮುರಿದ ಕಳ್ಳನಿಗೆ ಐದು ಗಲ್ಲಾಪೆಟ್ಟಿಗೆ ಸಿಗುತ್ತವೆ.

ಕಳ್ಳನಿಗೆ ಇದರಿಂದ ಏನು ಲಾಭ? ಮೊದಲನೆಯದಾಗಿ, ನಿಮ್ಮ ಹಣದಲ್ಲಿ ಅವನ ಜಾಹೀರಾತು ನಡೆಯುತ್ತದೆ. ಎರಡನೆಯದಾಗಿ, ಅವನ ಮೋಸಕ್ಕೆ ನಿಮ್ಮ ಹೆಸರು ಸಿಗುತ್ತದೆ. ಹೊಸದಾಗಿ ತೆರೆದ ಖಾತೆಯಿಂದ ಮೋಸದ ಜಾಹೀರಾತು ಹಾಕಿದರೆ ಕಂಪನಿಗೆ ಬೇಗ ಅನುಮಾನ ಬರುತ್ತದೆ. ವರ್ಷಗಳಿಂದ ನೆಟ್ಟಗೆ ಬಿಲ್ ಕಟ್ಟಿರುವ ಖಾತೆಗೆ ಆ ಅನುಮಾನ ಕಡಿಮೆ. ನೀವು ಗಳಿಸಿದ ಒಳ್ಳೆಯ ಹೆಸರೇ ಅವನಿಗೆ ಬೇಕಾದ ಸರಕು.

ಕಳ್ಳ ಬರುವ ದಾರಿಗಳು

ಇದುವರೆಗೆ ಬಯಲಿಗೆ ಬಂದ ದೊಡ್ಡ ಪ್ರಕರಣಗಳನ್ನು ಓದಿದರೆ ನಮ್ಮ ಊರಿನಲ್ಲೂ ಇದು ಹೇಗೆ ನಡೆಯಬಹುದು ಎಂಬುದು ತಿಳಿಯುತ್ತದೆ.

ಒಂದು: ಕದ್ದ ಸಾಫ್ಟ್‌ವೇರ್. 2018ರ ಕೊನೆಯಲ್ಲಿ ಫೇಸ್‌ಬುಕ್ ಕಂಪನಿ ಸೈಲೆಂಟ್‌ಫೇಡ್ ಎಂಬ ದುಷ್ಟ ತಂತ್ರಾಂಶವನ್ನು ಪತ್ತೆ ಹಚ್ಚಿತು. ಅದು ಪುಕ್ಕಟೆಯಾಗಿ ಸಿಗುವ ನಕಲಿ ಸಾಫ್ಟ್‌ವೇರ್‌ಗಳ ಜೊತೆ ಕಂಪ್ಯೂಟರ್ ಹೊಕ್ಕು, ಬ್ರೌಸರ್‌ನಲ್ಲಿ ಉಳಿದಿದ್ದ ಪಾಸ್‌ವರ್ಡ್ ಮತ್ತು ಕುಕಿಗಳನ್ನು ಕದಿಯುತ್ತಿತ್ತು. ಆಮೇಲೆ ಖಾತೆಯ ಮಾಲೀಕರಿಗೆ ಬರಬೇಕಾದ ಎಚ್ಚರಿಕೆಯ ಸಂದೇಶಗಳನ್ನು ನಿಲ್ಲಿಸಿ, ಅವರ ಹಣದಲ್ಲಿ ತೂಕ ಇಳಿಸುವ ಮಾತ್ರೆ, ನಕಲಿ ಬ್ರಾಂಡಿನ ಸಾಮಾನುಗಳ ಜಾಹೀರಾತು ನಡೆಸುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಕಂಪನಿ ಹಾಂಗ್‌ಕಾಂಗ್‌ನ ಒಂದು ಸಂಸ್ಥೆಯ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಹಣ ಕಳೆದುಕೊಂಡವರಿಗೆ 40 ಲಕ್ಷ ಡಾಲರ್‌ಗಿಂತ ಹೆಚ್ಚು ಮರಳಿಸಿರುವುದಾಗಿ ಆಗ ಹೇಳಿತು. ಇದರಲ್ಲಿ ಎರಡು ಪಾಠಗಳಿವೆ. ಪುಕ್ಕಟೆ ಸಾಫ್ಟ್‌ವೇರ್ ಪುಕ್ಕಟೆಯಲ್ಲ. ಹಾಗೆಯೇ, ನ್ಯಾಯವಾಗಿ ಕೇಳಿದವರಿಗೆ ಹಣ ಮರಳಿ ಬಂದ ಉದಾಹರಣೆಯೂ ಇದೆ.

ಎರಡು: ಕೆಲಸ ಕೊಡುವ ನೆಪ. 2022ರ ಜುಲೈನಲ್ಲಿ ಫಿನ್‌ಲೆಂಡಿನ ವಿತ್‌ಸೆಕ್ಯೂರ್ ಸಂಸ್ಥೆ ಡಕ್‌ಟೇಲ್ ಎಂಬ ಜಾಲವನ್ನು ಬಯಲಿಗೆಳೆಯಿತು. ಕಂಪನಿಗಳಲ್ಲಿ ಜಾಹೀರಾತು ನೋಡಿಕೊಳ್ಳುವವರನ್ನು ಲಿಂಕ್ಡ್‌ಇನ್‌ನಂಥ ಕಡೆ ಹುಡುಕಿ, ಅವರಿಗೆ ದೊಡ್ಡ ಬ್ರಾಂಡಿನ ಹೊಸ ಯೋಜನೆ ಎಂಬಂತೆ ಒಂದು ಜಿಪ್ ಫೈಲ್ ಕಳುಹಿಸುತ್ತಿದ್ದರು. ಒಳಗೆ ಚಿತ್ರಗಳ ನಡುವೆ ದಾಖಲೆಯಂತೆ ಕಾಣುವ ಒಂದು ಪ್ರೋಗ್ರಾಂ ಇರುತ್ತಿತ್ತು. ಅದನ್ನು ಒತ್ತಿದ ಕ್ಷಣ ಕುಕಿ ಕಳವಾಗಿ, ಕಳ್ಳನ ಇ-ಮೇಲ್ ಆ ವ್ಯಾಪಾರದ ಖಾತೆಗೆ ಅಡ್ಮಿನ್ ಆಗಿ, ಹಣಕಾಸಿನ ಅಧಿಕಾರದೊಂದಿಗೆ ಸೇರಿಕೊಳ್ಳುತ್ತಿತ್ತು.

ಕುಕಿ ಎಂದರೇನು ಎಂದು ಇಲ್ಲಿ ಹೇಳಬೇಕು. ಶಾದಿ ಮಹಲ್‌ನ ಬಾಗಿಲಲ್ಲಿ ಒಮ್ಮೆ ಕಾರ್ಡು ತೋರಿಸಿದ ಮೇಲೆ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ ಎಂದುಕೊಳ್ಳಿ. ಮತ್ತೆ ಹೊರಗೆ ಹೋಗಿ ಬಂದರೆ ಕಾರ್ಡು ಕೇಳುವುದಿಲ್ಲ, ಪಟ್ಟಿ ನೋಡಿ ಬಿಡುತ್ತಾರೆ. ಬ್ರೌಸರ್‌ನಲ್ಲಿರುವ ಕುಕಿ ಆ ಪಟ್ಟಿ. ಕಳ್ಳ ಅದನ್ನು ಬಿಚ್ಚಿಕೊಂಡು ಹೋದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ‘ನಾನು ಯಾರಿಗೂ ಒಟಿಪಿ ಕೊಟ್ಟಿಲ್ಲ, ಆದರೂ ಹೇಗೆ ಹೋಯಿತು?’ ಎಂದು ಕೇಳುವವರಿಗೆ ಉತ್ತರ ಹೆಚ್ಚಾಗಿ ಇಲ್ಲಿ ಸಿಗುತ್ತದೆ.

ಮೂರು: ಹೊಸ ವಸ್ತುವಿನ ಆಸೆ. 2023ರಲ್ಲಿ ಚಾಟ್‌ಜಿಪಿಟಿಯ ಹೆಸರು ಎಲ್ಲೆಡೆ ಹರಡಿದಾಗ, ಅದೇ ಹೆಸರಿನ ನಕಲಿ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು ಹುಟ್ಟಿಕೊಂಡವು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಆ ವರ್ಷದ ಮೇ ತಿಂಗಳಲ್ಲಿ, ಇಂಥ 1,000ಕ್ಕಿಂತ ಹೆಚ್ಚು ಕೊಂಡಿಗಳನ್ನು ತಡೆದಿರುವುದಾಗಿ ತಿಳಿಸಿತು. ನಾಳೆ ಬೇರೊಂದು ಹೆಸರು ಜನಪ್ರಿಯವಾದರೆ ಮೋಸವೂ ಆ ಹೆಸರಿಗೆ ಬದಲಾಗುತ್ತದೆ.

ನಾಲ್ಕು: ಹುಡುಕಾಟದ ಮೊದಲ ಸಾಲು. 2025ರ ಜನವರಿಯಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆ ಒಂದು ವಿಚಿತ್ರ ಮೋಸವನ್ನು ವರದಿ ಮಾಡಿತು. ಗೂಗಲ್‌ನಲ್ಲಿ ‘ಗೂಗಲ್ ಆಡ್ಸ್’ ಎಂದು ಹುಡುಕಿದವರಿಗೆ ಮೇಲುಗಡೆಯೇ ಕಳ್ಳರ ಜಾಹೀರಾತು ಕಾಣಿಸುತ್ತಿತ್ತು. ಅದನ್ನು ಒತ್ತಿದವರು ನಕಲಿ ಲಾಗಿನ್ ಪುಟದಲ್ಲಿ ತಮ್ಮ ಪಾಸ್‌ವರ್ಡ್ ಬರೆದು ಕೊಡುತ್ತಿದ್ದರು. ಜಾಹೀರಾತು ಖಾತೆ ಕದಿಯಲು ಕದ್ದ ಜಾಹೀರಾತು ಖಾತೆಗಳನ್ನೇ ಬಳಸುವ ವ್ಯಾಪಾರ ಇದು.

ಐದು: ಹೆದರಿಕೆ. ಇದು ನಮ್ಮ ಕಡೆ ಹೆಚ್ಚಾಗಿ ಕಾಣುವ ದಾರಿ. ‘ನಿಮ್ಮ ಪೇಜ್ ಕಾಪಿರೈಟ್ ನಿಯಮ ಮೀರಿದೆ, 24 ಗಂಟೆಯೊಳಗೆ ಮೇಲ್ಮನವಿ ಸಲ್ಲಿಸದಿದ್ದರೆ ಶಾಶ್ವತವಾಗಿ ಮುಚ್ಚಲಾಗುವುದು’ ಎಂಬ ಸಂದೇಶ ಬರುತ್ತದೆ. ಕೆಳಗೆ ಕಂಪನಿಯ ಲಾಂಛನವೂ ಇರುತ್ತದೆ. ಹೆದರಿದ ಮನುಷ್ಯ ಓದುವುದಿಲ್ಲ, ಒತ್ತುತ್ತಾನೆ. ನಿಜವಾದ ಎಚ್ಚರಿಕೆಯಾದರೆ ಅದು ನಿಮ್ಮ ಖಾತೆಯ ಸಪೋರ್ಟ್ ಇನ್‌ಬಾಕ್ಸ್‌ನಲ್ಲಿ ಇರುತ್ತದೆ. ಫೇಸ್‌ಬುಕ್ ನಿಮಗೆ ಇತ್ತೀಚೆಗೆ ಕಳಿಸಿದ ಇ-ಮೇಲ್‌ಗಳು ಯಾವುವು ಎಂಬ ಪಟ್ಟಿಯೂ ಅಕೌಂಟ್ಸ್ ಸೆಂಟರ್‌ನ ಪಾಸ್‌ವರ್ಡ್ ಮತ್ತು ಭದ್ರತೆಯ ವಿಭಾಗದಲ್ಲಿ ಸಿಗುತ್ತದೆ. ಬಂದ ಕೊಂಡಿಯನ್ನು ಒತ್ತುವ ಬದಲು ಆ ಪಟ್ಟಿ ತೆರೆದು ನೋಡುವುದೇ ಪರೀಕ್ಷೆ.

ಮೊದಲೇ ಮಾಡಬೇಕಾದ ಏಳು ಕೆಲಸ

1. ಮೊದಲು ಇ-ಮೇಲ್‌ಗೆ ಬೀಗ ಹಾಕಿ. ಇ-ಮೇಲ್‌ನ ಪಾಸ್‌ವರ್ಡ್ ಬೇರೆ ಯಾವುದಕ್ಕೂ ಬಳಸಿರಬಾರದು. ಉದ್ದವಾಗಿರಲಿ, ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡ. ಅಂಗಡಿಗೆಂದೇ ಒಂದು ಪ್ರತ್ಯೇಕ ಇ-ಮೇಲ್ ಇಟ್ಟುಕೊಳ್ಳುವುದು ಇನ್ನೂ ಉತ್ತಮ.

2. ಎರಡು ಹಂತದ ಪರಿಶೀಲನೆ ಹಾಕಿ. ಎಸ್‌ಎಂಎಸ್‌ಗಿಂತ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ ಭದ್ರ. ಆಗ ಕೊಡುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳನ್ನು ಇಡುವ ಪೆಟ್ಟಿಗೆಯಲ್ಲಿ ಇಡಿ. ಮೊಬೈಲ್ ಕಳೆದ ದಿನ ಆ ಕಾಗದವೇ ಕೀಲಿ.

3. ಇಬ್ಬರು ಅಡ್ಮಿನ್ ಇರಲಿ. ಒಬ್ಬರೇ ಇದ್ದರೆ ಅವರ ಪ್ರೊಫೈಲ್ ಹೋದ ದಿನ ಎಲ್ಲವೂ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ಅಂಗಡಿಯ ಮಾಲೀಕರೇ ಆಗಿರಬೇಕು. ಉಳಿದವರಿಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ. ಗೂಗಲ್ ಆಡ್ಸ್‌ನಲ್ಲಿ ಅಡ್ಮಿನ್, ಸ್ಟ್ಯಾಂಡರ್ಡ್, ಬಿಲ್ಲಿಂಗ್, ಕೇವಲ ಓದುವುದು ಎಂಬ ಬೇರೆ ಬೇರೆ ಹಂತಗಳಿವೆ; ಫೇಸ್‌ಬುಕ್‌ನಲ್ಲೂ ಪೂರ್ಣ ಅಧಿಕಾರ, ಭಾಗಶಃ ಅಧಿಕಾರ ಎಂಬ ಭೇದವಿದೆ. ಕೆಲಸ ಬಿಟ್ಟು ಹೋದವರ ಹೆಸರನ್ನು ಅದೇ ದಿನ ತೆಗೆಯಿರಿ. ಅದು ಅಪನಂಬಿಕೆಯಲ್ಲ, ಬಾಡಿಗೆದಾರರು ಮನೆ ಬಿಟ್ಟಾಗ ಕೀಲಿ ಹಿಂದಿರುಗಿಸುವ ಹಾಗೆ.

4. ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ಕೆಲಸ ಮಾಡುವ ಹುಡುಗನಿಗೆ ಮಾಲೀಕರ ಪಾಸ್‌ವರ್ಡ್ ಬೇಕಿಲ್ಲ. ಅವನ ಹೆಸರಿನಲ್ಲೇ ಅವನಿಗೆ ಅಧಿಕಾರ ಕೊಡುವ ವ್ಯವಸ್ಥೆ ಇದೆ. ಯಾರು ಏನು ಬದಲಾಯಿಸಿದರು ಎಂಬ ದಾಖಲೆ ಆಗ ಸ್ಪಷ್ಟವಾಗಿ ಉಳಿಯುತ್ತದೆ.

5. ಹಣಕ್ಕೆ ಮಿತಿ ಹಾಕಿ. ಒಂದು ಲೆಕ್ಕ ಮಾಡೋಣ. ಅಂಗಡಿಯೊಂದು ದಿನಕ್ಕೆ 300 ರೂಪಾಯಿ ಖರ್ಚು ಮಾಡುತ್ತದೆ ಎಂದುಕೊಳ್ಳಿ. ಕಳ್ಳ ರಾತ್ರಿ ಬಂದು ದಿನದ ಮಿತಿಯನ್ನು 20,000ಕ್ಕೆ ಏರಿಸಿದರೆ, ಒಂದೇ ದಿನದಲ್ಲಿ ಎರಡು ತಿಂಗಳಿಗೂ ಹೆಚ್ಚಿನ ಜಾಹೀರಾತಿನ ಹಣ ಹೋಯಿತು. ಅದೇ ಅಂಗಡಿ ಮೊದಲೇ ಯುಪಿಐ ಮೂಲಕ 2,000 ರೂಪಾಯಿ ತುಂಬಿ, ಅದು ಮುಗಿದ ಮೇಲೆ ಮತ್ತೆ ತುಂಬುವ ಪದ್ಧತಿ ಇಟ್ಟುಕೊಂಡಿದ್ದರೆ, ಹೋಗುವುದು ಹೆಚ್ಚೆಂದರೆ ಆ 2,000. ಕಾರ್ಡ್ ಕೊಡಲೇಬೇಕಾದರೆ, ಉಳಿತಾಯವೆಲ್ಲ ಇರುವ ಖಾತೆಯ ಕಾರ್ಡ್ ಕೊಡಬೇಡಿ. ಸ್ವಲ್ಪ ಹಣ ಮಾತ್ರ ಇರುವ ಬೇರೆ ಖಾತೆಯದನ್ನು ಕೊಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ, ಒಮ್ಮೆ ಒಪ್ಪಿಗೆ ಕೊಟ್ಟ ಆಟೋ-ಪೇಯಲ್ಲಿ 15,000 ರೂಪಾಯಿವರೆಗಿನ ಕಂತುಗಳು ಪ್ರತಿಸಲ ಒಟಿಪಿ ಕೇಳದೆ ಕಡಿತವಾಗಬಹುದು. ಆದ್ದರಿಂದ ಒಪ್ಪಿಗೆ ಕೊಡುವಾಗಲೇ ಗರಿಷ್ಠ ಮೊತ್ತವನ್ನು ಕಡಿಮೆ ಬರೆಯಿರಿ.

6. ಕಂಪ್ಯೂಟರ್ ಶುದ್ಧವಾಗಿರಲಿ. ಕ್ರ್ಯಾಕ್ ಮಾಡಿದ ಫೋಟೋ, ವಿಡಿಯೋ ಸಾಫ್ಟ್‌ವೇರ್ ಹಾಕಿರುವ ಕಂಪ್ಯೂಟರ್‌ನಿಂದ ಅಂಗಡಿಯ ಖಾತೆ ತೆರೆಯಬೇಡಿ. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ನ ಯಂತ್ರದಲ್ಲಿ ಲಾಗಿನ್ ಆಗಬೇಡಿ. ಗುರುತಿಲ್ಲದವರು ಕಳಿಸಿದ ಜಿಪ್ ಫೈಲ್ ತೆರೆಯಬೇಡಿ. ಸಗಟು ಆರ್ಡರ್ ಕೊಡುವ ಗಿರಾಕಿ ‘ಡಿಸೈನ್ ಈ ಫೈಲ್‌ನಲ್ಲಿದೆ’ ಎಂದರೆ, ಫೋಟೋವನ್ನು ನೇರವಾಗಿ ಕಳಿಸಿ ಎಂದು ಕೇಳಿ. ನಿಜವಾದ ಗಿರಾಕಿ ಕಳಿಸುತ್ತಾರೆ.

7. ಬರೆದಿಡಿ. ಖಾತೆಯ ಐಡಿ ಸಂಖ್ಯೆ, ಅಡ್ಮಿನ್‌ಗಳ ಹೆಸರು, ಯಾವ ಇ-ಮೇಲ್, ಯಾವ ಫೋನ್ ನಂಬರ್, ಪ್ರತಿ ತಿಂಗಳ ಬಿಲ್ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ. ಕೊಡುಕೊಳ್ಳುವುದನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂಬ ಆದೇಶ ಸೂರಃ ಅಲ್ ಬಕರಃದ 282ನೇ ವಚನದಲ್ಲಿದೆ. ನಮ್ಮ ಮನೆಗಳಿಗೆ ಇದು ಹೊಸ ಮಾತಲ್ಲ. ಖಾತೆ ನಿಮ್ಮದೆಂದು ಸಾಬೀತು ಮಾಡುವ ದಿನ ಆ ನೋಟ್‌ಬುಕ್ ಸಾಕ್ಷಿ ಹೇಳುತ್ತದೆ.

ಕಳವಾದ ಮೇಲೆ: ಯಾವುದು ಮೊದಲು, ಯಾವುದು ನಂತರ

ಮನೆಗೆ ಬೆಂಕಿ ಬಿದ್ದಾಗ ಯಾರು ಹಚ್ಚಿದರು ಎಂದು ವಿಚಾರಿಸುವುದು ಆಮೇಲಿನ ಕೆಲಸ. ಖಾತೆ ಹೋದಾಗಲೂ ಕ್ರಮ ತಪ್ಪಬಾರದು.

ಮೊದಲ ಗಂಟೆ. ಹಣದ ನಲ್ಲಿ ಮುಚ್ಚಿ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಯುಪಿಐ ಆಟೋ-ಪೇ ರದ್ದು ಮಾಡಿ, ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ನಂತರ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಗೆ ಕೇಂದ್ರ ಸರ್ಕಾರದ ಸಹಾಯವಾಣಿ. ಖಾತೆಯ ಒಳಗೆ ಹೋಗಲು ಇನ್ನೂ ಸಾಧ್ಯವಿದ್ದರೆ ಕಳ್ಳನ ಜಾಹೀರಾತುಗಳನ್ನು ನಿಲ್ಲಿಸಿ, ಆದರೆ ಅಳಿಸಬೇಡಿ. ಅವುಗಳ, ಹೊಸದಾಗಿ ಸೇರಿದ ಹೆಸರುಗಳ, ಬಿಲ್ಲಿನ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಅಳಿಸಿದರೆ ಸಾಕ್ಷ್ಯವನ್ನೇ ಅಳಿಸಿದಂತೆ.

ಮೊದಲ ದಿನ. ಸೋಂಕು ತಗುಲಿರಬಹುದಾದ ಕಂಪ್ಯೂಟರ್ ಬಿಟ್ಟು, ಬೇರೊಂದು ಶುದ್ಧವಾದ ಮೊಬೈಲ್‌ನಿಂದ ಕೆಲಸ ಮಾಡಿ. ಇಲ್ಲದಿದ್ದರೆ ನೀವು ಹಾಕುವ ಹೊಸ ಪಾಸ್‌ವರ್ಡ್ ಕೂಡ ಕಳ್ಳನಿಗೆ ತಲುಪುತ್ತದೆ. ಮೊದಲು ಇ-ಮೇಲ್ ಮರಳಿ ಪಡೆಯಿರಿ. ಗೂಗಲ್ ಖಾತೆಯಾದರೆ ನೀವು ಸದಾ ಬಳಸುವ ಮೊಬೈಲ್, ಸದಾ ಇರುವ ಮನೆ ಅಥವಾ ಅಂಗಡಿಯಿಂದಲೇ ಪ್ರಯತ್ನಿಸಿ. ಪರಿಚಿತ ಸಾಧನ, ಪರಿಚಿತ ಸ್ಥಳಕ್ಕೆ ಗೂಗಲ್ ಹೆಚ್ಚು ಮನ್ನಣೆ ಕೊಡುತ್ತದೆ. ಒಳಗೆ ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಕಳ್ಳನ ಕೈಯಲ್ಲಿರುವ ಪಟ್ಟಿ ಆಗಲೇ ನಿರುಪಯುಕ್ತವಾಗುವುದು. ಇ-ಮೇಲ್‌ನ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಸೆಟ್ಟಿಂಗ್ ತಪ್ಪದೆ ನೋಡಿ. ಎಚ್ಚರಿಕೆಯ ಪತ್ರಗಳು ನಿಮಗೆ ಕಾಣದಂತೆ ಕಳ್ಳ ಅಲ್ಲಿ ಏರ್ಪಾಡು ಮಾಡಿರಬಹುದು.

ಆಮೇಲೆ ಫೇಸ್‌ಬುಕ್. ನಿಮ್ಮ ಇ-ಮೇಲ್ ವಿಳಾಸವನ್ನು ಖಾತೆಯಿಂದ ಬದಲಾಯಿಸಿದಾಗ ಹಳೆಯ ವಿಳಾಸಕ್ಕೆ ಒಂದು ಪತ್ರ ಬರುತ್ತದೆ. ‘ಇದು ನಾನಲ್ಲ’ ಎಂದು ತಿಳಿಸುವ ಕೊಂಡಿ ಅದರಲ್ಲಿರುತ್ತದೆ. ಅದು ಸಿಗದಿದ್ದರೆ ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್ ಎಂಬ ಪುಟದಿಂದ ಆರಂಭಿಸಿ. ಗುರುತಿನ ಚೀಟಿ ಕೇಳಿದರೆ, ಪ್ರೊಫೈಲ್‌ನಲ್ಲಿರುವ ಹೆಸರು ಚೀಟಿಯ ಹೆಸರಿಗೆ ಹೊಂದಬೇಕು. ‘ಸ್ವೀಟ್ ಏಂಜಲ್’, ‘ಕಿಂಗ್ ಆಫ್ ಕನಕಪುರ’ ಎಂಬ ಹೆಸರಿನ ಪ್ರೊಫೈಲ್‌ನಿಂದ ವ್ಯಾಪಾರ ನಡೆಸುವವರು ಈ ಮಾತನ್ನು ಇಂದೇ ಗಮನಿಸಲಿ.

ಮೊದಲ ವಾರ. ಒಳಗೆ ಹೋದ ಮೇಲೆ ಕೋಣೆ ಕೋಣೆ ಹುಡುಕಿ. ಬಿಸಿನೆಸ್ ಖಾತೆಯ ಜನರ ಪಟ್ಟಿ, ಪಾಲುದಾರರ ಪಟ್ಟಿ, ಜೋಡಿಸಿರುವ ಆ್ಯಪ್‌ಗಳು, ಹಣ ಪಾವತಿಯ ವಿಧಾನ, ಪೇಜ್‌ನ ಅಡ್ಮಿನ್‌ಗಳು ಪ್ರತಿಯೊಂದನ್ನೂ ನೋಡಿ. ಗೂಗಲ್ ಆಡ್ಸ್‌ನಲ್ಲಿ ಬದಲಾವಣೆಗಳ ಇತಿಹಾಸ ಎಂಬ ಪುಟ ಯಾವ ದಿನ ಯಾರು ಏನು ಮಾಡಿದರು ಎಂದು ತೋರಿಸುತ್ತದೆ; ಗುರುತಿಲ್ಲದ ಮ್ಯಾನೇಜರ್ ಖಾತೆ ಜೋಡಣೆಯಾಗಿದ್ದರೆ ಕಿತ್ತುಹಾಕಿ. ಕಳ್ಳ ಹಾಕಿದ ಜಾಹೀರಾತಿನಿಂದಾಗಿ ಕಂಪನಿಯೇ ನಿಮ್ಮ ಖಾತೆಯನ್ನು ತಡೆಹಿಡಿದಿದ್ದರೆ ಮರುಪರಿಶೀಲನೆಗೆ ಅರ್ಜಿ ಹಾಕಿ. ಅರ್ಜಿ ಚಿಕ್ಕದಾಗಿರಲಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಹೆಸರು ಸೇರಿತು, ಎಷ್ಟು ಹಣ ಹೋಯಿತು, ಪೊಲೀಸ್ ದೂರಿನ ಸಂಖ್ಯೆ ಏನು. ಕೋಪದ ಮಾತು ಬೇಡ, ಲೆಕ್ಕ ಇರಲಿ. ಕಳ್ಳ ಖರ್ಚು ಮಾಡಿದ ಮೊತ್ತವನ್ನು ಮರಳಿಸುವಂತೆಯೂ ಅಲ್ಲೇ ಕೇಳಿ.

ಗಿರಾಕಿಗಳಿಗೂ ತಿಳಿಸಿ. ‘ಈ ತಾರೀಖಿನಿಂದ ಈ ತಾರೀಖಿನವರೆಗೆ ನಮ್ಮ ಪೇಜ್‌ನಲ್ಲಿ ಬಂದ ಜಾಹೀರಾತು ನಮ್ಮದಲ್ಲ, ಹಣ ಕಳಿಸಬೇಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ, ಅಂಗಡಿಯ ಮುಂದೆ ಬರೆದು ಹಾಕಿ. ನಾಚಿಕೆಯಿಂದ ಮುಚ್ಚಿಟ್ಟರೆ ನಿಮ್ಮ ಹೆಸರು ನಂಬಿ ಇನ್ನೊಬ್ಬರು ಮೋಸಹೋಗುತ್ತಾರೆ. ಆ ಹೊರೆ ಹೋದ ಹಣಕ್ಕಿಂತ ಭಾರವಾದದ್ದು.

ಒಂದು ಮುಖ್ಯ ಎಚ್ಚರಿಕೆ. ಖಾತೆ ಹೋಯಿತೆಂದು ಎಲ್ಲಾದರೂ ಬರೆದ ಕೂಡಲೇ ‘ನಾನು ಹ್ಯಾಕಿಂಗ್ ಎಕ್ಸ್‌ಪರ್ಟ್, ಇಷ್ಟು ಕೊಟ್ಟರೆ ಮರಳಿ ಕೊಡಿಸುತ್ತೇನೆ’ ಎನ್ನುವವರು ಸಾಲಾಗಿ ಬರುತ್ತಾರೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ‘ಕಸ್ಟಮರ್ ಕೇರ್’ ಎಂಬ ಮೊಬೈಲ್ ನಂಬರ್‌ಗಳೂ ಸಿಗುತ್ತವೆ. ಇವರು ಎರಡನೆಯ ಕಳ್ಳರು. ಮೊದಲನೆಯವನು ಕತ್ತಲಲ್ಲಿ ಬಂದ. ಇವನು ಸಹಾಯದ ವೇಷದಲ್ಲಿ ಬರುತ್ತಾನೆ. ಹಣ, ಒಟಿಪಿ, ಮೊಬೈಲ್ ತೆರೆ ತೋರಿಸುವ ಆ್ಯಪ್ ಯಾವುದನ್ನೂ ಇವರಿಗೆ ಕೊಡಬಾರದು.

ಹೋದ ಹಣ ಯಾರ ಹೊಣೆ?

ಇಲ್ಲಿ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಪ್ರತಿ ಮನೆಯವರೂ ತಿಳಿದಿರಬೇಕು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ನಂತರ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನಗಳಲ್ಲಿ ತಿಳಿಸಿದರೆ ಹೊಣೆಗೆ ಮಿತಿಯಿದೆ: ಸಾಮಾನ್ಯ ಉಳಿತಾಯ ಖಾತೆಗೆ ಮತ್ತು ಸಣ್ಣ ಉದ್ಯಮದ ಚಾಲ್ತಿ ಖಾತೆಗೆ ಪ್ರತಿ ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಗೆ 5,000. ಅದೂ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ಗ್ರಾಹಕರೇ ಹೊಣೆ ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲಿದೆ.

ಇನ್ನೊಂದು ಮುಖವೂ ಇದೆ. ಒಟಿಪಿ ಅಥವಾ ಪಾಸ್‌ವರ್ಡ್ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಆದ್ದರಿಂದ ತಪ್ಪು ಯಾರದೇ ಇರಲಿ, ಬೇಗ ತಿಳಿಸಿದವರಿಗೇ ಲಾಭ. ಮನೆಯಲ್ಲಿ ಬೈಯುತ್ತಾರೆ ಎಂದು ಎರಡು ದಿನ ಮುಚ್ಚಿಟ್ಟ ಮಗುವಿನ ಮನೆಗೆ ನಷ್ಟ ದುಪ್ಪಟ್ಟಾಗುತ್ತದೆ. ತಂದೆ-ತಾಯಿಯರು ಇದನ್ನು ಓದುತ್ತಿದ್ದರೆ ಒಂದು ಮಾತು: ಮಗು ಬಂದು ಹೇಳಿದ ಕ್ಷಣ ಬೈಯಬೇಡಿ, ಬ್ಯಾಂಕಿಗೆ ಫೋನ್ ಮಾಡಿ. ಬೈಯಲು ವರ್ಷವಿಡೀ ಇದೆ, ಫೋನ್ ಮಾಡಲು ಮೂರೇ ದಿನ.

ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕ್ ಮೂಲಕ ಹಣ ಹಿಂದಕ್ಕೆ ಪಡೆದಾಗ ಜಾಹೀರಾತು ಕಂಪನಿ ಅದನ್ನು ಬಾಕಿ ಎಂದು ತೋರಿಸಿ ಖಾತೆಯನ್ನು ತಡೆಯುವ ಸಾಧ್ಯತೆ ಇದೆ. ಆದ್ದರಿಂದ ಎರಡೂ ಕಡೆ ಒಂದೇ ದೂರಿನ ಸಂಖ್ಯೆ, ಒಂದೇ ಲೆಕ್ಕ ಕೊಡಿ.

ಕಾನೂನು ಏನು ಹೇಳುತ್ತದೆ?

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಈಗ ಜಿಲ್ಲೆಗಳಲ್ಲೂ ಸೆನ್ ಠಾಣೆಗಳಿವೆ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದು ರಾಮನಗರದಲ್ಲಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಅದರ ವಿಳಾಸ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66-ಸಿ ಬೇರೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸುವವರಿಗೆ, ಕಲಂ 66-ಡಿ ಕಂಪ್ಯೂಟರ್ ಮೂಲಕ ವೇಷ ಮರೆಸಿ ವಂಚಿಸುವವರಿಗೆ ಅನ್ವಯಿಸುತ್ತದೆ. ಎರಡಕ್ಕೂ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ದೂರಿನಲ್ಲಿ ಈ ಕಲಂಗಳನ್ನು ನಮೂದಿಸಿ.

ಜಾಹೀರಾತಿಗೆ ಹೋದ ಹಣ ಕಳ್ಳನ ಬ್ಯಾಂಕ್ ಖಾತೆಗೆ ಹೋಗಿರುವುದಿಲ್ಲ, ಕಂಪನಿಗೆ ಹೋಗಿರುತ್ತದೆ. ಹಾಗಿದ್ದ ಮೇಲೆ ಪೊಲೀಸ್ ದೂರು ಏಕೆ ಎಂದು ಕೆಲವರು ಕೇಳುತ್ತಾರೆ. ಬ್ಯಾಂಕಿಗೂ ಕಂಪನಿಗೂ ನೀವು ತೋರಿಸಬೇಕಾದ ಮೊದಲ ಕಾಗದ ಅದೇ. ನಿಮ್ಮ ಪೇಜ್‌ನಿಂದ ಮೋಸಹೋದ ಗಿರಾಕಿ ನಾಳೆ ನಿಮ್ಮ ಮೇಲೆಯೇ ದೂರು ಕೊಟ್ಟರೆ, ನೀವೂ ಮೋಸಹೋದವರೇ ಎಂಬುದಕ್ಕೆ ತಾರೀಖಿನ ಸಮೇತ ಇರುವ ಆಧಾರವೂ ಅದೇ.

ಜಾಲತಾಣದ ಕಂಪನಿ ಉತ್ತರಿಸದಿದ್ದರೆ? 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಪ್ರತಿ ಕಂಪನಿಯೂ ಭಾರತದಲ್ಲಿ ದೂರು ಸ್ವೀಕರಿಸುವ ಅಧಿಕಾರಿಯನ್ನು ಇಟ್ಟಿರಬೇಕು. ಆ ಅಧಿಕಾರಿ 24 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ನಿಗದಿತ ಅವಧಿಯೊಳಗೆ ಇತ್ಯರ್ಥ ಮಾಡಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ, 2023ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಆನ್‌ಲೈನ್ ಮೂಲಕವೇ ಹೋಗಬಹುದು. ಈ ಮೆಟ್ಟಿಲು ಬಹಳ ಜನರಿಗೆ ತಿಳಿದಿಲ್ಲ.

ಅಭ್ಯಾಸ

ಓದಿ ಮುಗಿಸಿದ ಪಾಠ ಮಾಡಿ ನೋಡಿದಾಗ ಮಾತ್ರ ಕೈಗೆ ಬರುತ್ತದೆ. ಈ ವಾರ ಮನೆಯವರೊಂದಿಗೆ ಕುಳಿತು ಇವುಗಳಿಗೆ ಉತ್ತರ ಬರೆಯಿರಿ.

1. ನಿಮ್ಮ ಅಂಗಡಿಯ ಪೇಜ್‌ಗೆ ಎಷ್ಟು ಜನ ಅಡ್ಮಿನ್? ಅವರಲ್ಲಿ ಈಗ ಕೆಲಸದಲ್ಲಿ ಇಲ್ಲದವರು ಯಾರು?
2. ನಿಮ್ಮ ಮೊಬೈಲ್ ಈ ಕ್ಷಣ ಕಳೆದುಹೋದರೆ ಇ-ಮೇಲ್ ತೆರೆಯುವುದು ಹೇಗೆ? ರಿಕವರಿ ಕೋಡ್ ಎಲ್ಲಿದೆ?
3. ಇಂದು ರಾತ್ರಿ ಕಳ್ಳ ಬಂದರೆ ಹೆಚ್ಚೆಂದರೆ ಎಷ್ಟು ಹಣ ಹೋಗಬಹುದು? ಆ ಮೊತ್ತವನ್ನು ನಾಳೆಯೊಳಗೆ ಅರ್ಧಕ್ಕೆ ಇಳಿಸುವುದು ಹೇಗೆ?
4. ಶುಕ್ರವಾರ ರಾತ್ರಿ ಬ್ಯಾಂಕಿನ ಸಂದೇಶ ಬಂದರೆ 3 ಕೆಲಸದ ದಿನ ಯಾವಾಗ ಮುಗಿಯುತ್ತದೆ? ಸಂದೇಶ ಬಂದ ದಿನವನ್ನೂ ರಜಾ ದಿನಗಳನ್ನೂ ಬಿಟ್ಟು ಎಣಿಸಿ. ಎಣಿಸಿದ ಮೇಲೂ ಕಾಯಬೇಡಿ, ಆ ರಾತ್ರಿಯೇ ತಿಳಿಸಿ.
5. ಮನೆಯ ಹಿರಿಯರೊಬ್ಬರಿಗೆ 1930 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ.

ವಿದ್ಯಾರ್ಥಿವೇತನದ ಅರ್ಜಿದಾರರ ಗಮನಕ್ಕೆ

ಈ ಪಾಠ ನಮ್ಮ ಟ್ರಸ್ಟ್‌ಗೂ ಅನ್ವಯಿಸುತ್ತದೆ. ಕಳ್ಳರಿಗೆ ಗೊಂಬೆ ಅಂಗಡಿಯ ಹೆಸರಿಗಿಂತ ದಾನಧರ್ಮದ ಸಂಸ್ಥೆಯ ಹೆಸರು ಹೆಚ್ಚು ಬೆಲೆಯುಳ್ಳದ್ದು. ರಮ್‌ಜಾನ್ ತಿಂಗಳಲ್ಲಿ ಜಕಾತ್ ಕೇಳುವ ನಕಲಿ ಜಾಹೀರಾತು, ಜೂನ್-ಜುಲೈನಲ್ಲಿ ವಿದ್ಯಾರ್ಥಿವೇತನದ ನಕಲಿ ಜಾಹೀರಾತು ಯಾರ ಹೆಸರಿನಲ್ಲಾದರೂ ಬರಬಹುದು. ಆದ್ದರಿಂದ ನೆನಪಿಡಿ: ವಿದ್ಯಾರ್ಥಿವೇತನದ ಅರ್ಜಿಗೆ ಶುಲ್ಕವಿಲ್ಲ. ಆಯ್ಕೆಯಾಗಿದೆ ಎಂದು ಹೇಳಿ ಒಟಿಪಿ, ಪಿನ್, ಯುಪಿಐ ಕ್ಯೂಆರ್ ಸ್ಕ್ಯಾನ್ ಕೇಳುವವರು ಟ್ರಸ್ಟ್‌ನವರಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ಹಣ ಕೊಡಲು. ಅನುಮಾನ ಬಂದರೆ ಈ ವರದಿಯ ಹಿಂಬದಿಯಲ್ಲಿರುವ ಕಚೇರಿಯ ವಿಳಾಸಕ್ಕೆ ಬಂದು ವಿಚಾರಿಸಿ.

ಅರ್ಜಿಯ ಜೊತೆಗೆ ಮೇಲಿನ ಐದು ಪ್ರಶ್ನೆಗಳ ಉತ್ತರವನ್ನೂ ಒಂದು ಹಾಳೆಯಲ್ಲಿ ಬರೆದು ತಂದರೆ ನಾವು ಕುಳಿತು ಓದುತ್ತೇವೆ, ತಿದ್ದಬೇಕಾದದ್ದನ್ನು ತಿದ್ದಿ ಕೊಡುತ್ತೇವೆ. ಅದಕ್ಕೆ ಅಂಕ ಇಲ್ಲ, ಆಯ್ಕೆಯ ಮೇಲೆ ಅದರ ಪರಿಣಾಮವೂ ಇಲ್ಲ. ನಿಮ್ಮ ಮನೆಯ ಬೀಗ ಭದ್ರವಾದರೆ ಸಾಕು.